ಇನ್ನೊಂದು ನೀರು

ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದ ಹರಿಹರ ಮೊದಲು ಆಡಿದ್ದು ಹವೆಯ ಮಾತು. ಬೆಚ್ಚಗಾಯಿತಲ್ಲವೇ ಎಂದ. ಓಕುಬೋ ಸಾನ್ ರಬ್ಬರ್ ಕೈಗವಸಿನೊಳಗೆ ಗಾಳಿ ಊದಿ ಅದರ ಬೆರಳುಗಳನ್ನು ಬಿಡಿಸಿಕೊಳ್ಳುತ್ತ, ಹೌದು, ಬೆಚ್ಚಗಾಯಿತು ಎಂದರು. ಈ ಜಪಾನಿನಲ್ಲಿ ಹವೆಯ ಮಾತಿಗೆ ಹೌದು ಎನ್ನದವರಿಲ್ಲ. ಆ ಮಾತು ಅಲ್ಲಿಗೇ ಮುಗಿಯಿತು. ಅದರ ಬೆನ್ನಿಗೆ ಬರಬೇಕಾಗಿದ್ದದ್ದು ಬರಲಿಲ್ಲ. ಕಾಶಿವಾ ಊರಿನ ಅಂಚಿನಲ್ಲಿ, ಪಕ್ಕದವರ ಟರ್ನಿಪ್ ಗದ್ದೆಗೆ ತಾಗಿಕೊಂಡಿದ್ದ, ಪ್ರೊಫೆಸರ್ ಹಿರಾನೋ ಸೆನ್ಸೇ ಅವರ ಮನೆಯ ಹಿತ್ತಿಲಲ್ಲಿ ಐದು ಉಕ್ಕಿನ ಪೀಪಾಯಿಗಳು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದವು. ಮನೆಯಲ್ಲೇ ಮಾಡಿದ ಬಿಯರನ್ನು ತುಂಬಿ, ಮೇಲಿಂದ ಗ್ಯಾಸು ಕೊಟ್ಟು, ನಲ್ಲಿ ತಿರುಗಿಸಿ ಬಗ್ಗಿಸಿಕೊಳ್ಳುವ ಪೀಪಾಯಿಗಳು. ಕೆಗ್ ಎಂದು ಸೆನ್ಸೇ ಕರೆಯುತ್ತಿದ್ದರು, ಮನೆಯ ದನವನ್ನು ಹೆಸರು ಹಿಡಿದು ಕರೆಯುವವರ ದನಿಯಲ್ಲಿ. ಇವತ್ತು ಎರಡು ಸಾವಿರದ ಇಸವಿಯ ಮಾರ್ಚ್ ಮೂವತ್ತೊಂದು. ಇಲ್ಲಿನ ಕಚೇರಿಗಳಿಗೆಲ್ಲ ವರ್ಷ ಮುಗಿಯುವ ದಿನ. ಸೆನ್ಸೇ ನಿವೃತ್ತರಾಗಿ ಕೊಠಡಿಯ ಬೀಗದ ಕೈ ಒಪ್ಪಿಸಲು ವಿಶ್ವವಿದ್ಯಾಲಯಕ್ಕೆ ಹೋಗಿದ್ದಾರೆ. ಅವರ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಗಾಜಿನ ಸಾಮಾನು ತೊಳೆಯುವ ಹೆಂಗಸಾಗಿದ್ದ ಓಕುಬೋ ಸಾನ್‌ಗೆ ನಾಳೆಯಿಂದ ಕೆಲಸವಿಲ್ಲ. ಅಲ್ಲೇ ಸಂಶೋಧನೆ ಮಾಡುವ ಹರಿಹರನಿಗೆ ಇದೆ. ಇನ್ನೊಂದು ವರ್ಷ ಇದೆ.

ಪೀಪಾಯಿಗಳು ಕ್ಯೋಟೋದಲ್ಲಿರುವ ಸೆನ್ಸೇ ಅವರ ಗೆಳೆಯರೊಬ್ಬರಿಗೆ ಹೋಗಬೇಕು. ತೊಳೆದು, ಒಣಗಿಸಿ, ಪೆಟ್ಟಿಗೆಗೆ ಹಾಕಬೇಕು. ಇದು ಓಕುಬೋ ಸಾನ್ ಕೆಲಸವೇ ಅಲ್ಲ. ಅವರು ಕೇಳಿ ಪಡೆದುಕೊಂಡದ್ದು. ನನ್ನ ಕೈಯಿಂದ ಕೆಟ್ಟದ್ದು, ನನ್ನ ಕೈಯಿಂದಲೇ ಒಮ್ಮೆ ಸರಿಯಾಗಿ ತೊಳೆದು ಕಳಿಸಿಕೊಡುತ್ತೇನೆ ಎಂದು ಸೆನ್ಸೇ ಅವರ ಹೆಂಡತಿಯ ಹತ್ತಿರ ಕೇಳಿಕೊಂಡಿದ್ದರಂತೆ. ನನ್ನ ಕೈಯಿಂದ ಕೆಟ್ಟದ್ದು. ಹರಿಹರ ಆ ಮಾತನ್ನು ಕೇಳಿದ ದಿನದಿಂದ ಬೆಳಗಿನ ಸಂಧ್ಯಾವಂದನೆಯಲ್ಲಿ ಆಚಮನದ ಮೂರು ಗುಟುಕು ನೀರು ಸಲೀಸಾಗಿ ಇಳಿಯುತ್ತಿರಲಿಲ್ಲ. ಅಂಗೈಯಲ್ಲಿ ನೀರು ಹಿಡಿದು ಕೂತು, ಯಾವ ಕೈ ಇದು ಎಂದು ನೋಡುತ್ತಿದ್ದ. ಇವತ್ತು ಹೊರಡುವಾಗ ಹೆಂಡತಿ ಕಾತ್ಯಾಯಿನಿ ಒಂದು ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು.

"ಕೋಡುಬಳೆ ಹಾಕಿದೀನಿ ರೀ. ಪಾಪ, ಅಮೂಲ್ಯನ ಕಿಂಡರ್‌ಗಾರ್ಟನ್‌ಗೆ ಬ್ಯಾಗ್ ಹೊಲ್ಕೊಟ್ಟೋರು. ಅಮ್ಮಂದ್ರೇ ಹೊಲೀಬೇಕು ಅಂತ ರೂಲ್ ಇತ್ತಲ್ಲ, ನಂಗೆ ಸೂಜಿಗೆ ದಾರ ಹಾಕಕ್ಕೂ ಬರಲ್ಲ. ಆನೆ ಬೇರೆ ಹಾಕಿದ್ರು ಅದ್ರ ಮೇಲೆ." ಬಾಗಿಲ ಹತ್ತಿರ ಬಂದು ಮತ್ತೆ, "ನೀವ್ಯಾಕೆ ಹಿಂಗಿದೀರಿ? ಅವ್ರ ಕೆಲಸ ಹೋದ್ರೆ ನೀವೇನ್ ಮಾಡಕ್ಕಾಗತ್ತೆ?" ಎಂದಳು.

ಅವಳಿಗೂ ಹೇಳಿರಲಿಲ್ಲ.

ಓಕುಬೋ ಸಾನ್ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಯ ಮಟ್ಟಕ್ಕೆ ಎತ್ತಿ, ಜಗಲಿಯ ಮೇಲೆ ಇಟ್ಟರು. ಅದರ ಪಕ್ಕದಲ್ಲಿ ಆಗಲೇ ಒಂದು ಬಾಟಲಿ ಹಸಿರು ಚಹಾ ಇತ್ತು. ಬರುವ ದಾರಿಯ ಕೊಂಬಿನಿ ಅಂಗಡಿಯಿಂದ ಅವನಿಗೆಂದೇ ತಂದದ್ದು, ಮುಚ್ಚಳದ ಸೀಲು ಒಡೆಯದ್ದು. ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರದಲ್ಲೇ, ಎಲ್ಲರಿಗೂ ಒಂದೇ ಕೆಟಲಿನಿಂದ ಚಹಾ ಕೊಡುವಾಗ ಈ ಇಂಡಿಯಾದವನು ಮಾತ್ರ ಬಟ್ಟಲನ್ನು ಮುಟ್ಟದೆ ಹಾಗೇ ಆರಲು ಬಿಡುವುದನ್ನು ಅವರು ಗಮನಿಸಿದ್ದರು. ಏನೂ ಕೇಳಲಿಲ್ಲ. ಮರುವಾರದಿಂದ ಅವನ ಮೇಜಿನ ಮೇಲೆ ಸೀಲು ಒಡೆಯದ ಬಾಟಲಿ ಬರತೊಡಗಿತು. ಮೂರು ವರ್ಷ ಬಂತು. ಅವನ ದೇವರು ಕಟ್ಟುನಿಟ್ಟಿನವನು ಎಂದು ಉಳಿದವರಿಗೂ ಅವರೇ ಹೇಳಿಟ್ಟಿದ್ದರು. ಅರಿಗಾತೋ ಎಂದು ಧನ್ಯವಾದ ಹೇಳುವಾಗಲೆಲ್ಲ ಹರಿಹರನಿಗೆ ಒಂದು ಸಣ್ಣ ಸುಖವಾಗುತ್ತಿತ್ತು, ಪರದೇಶದಲ್ಲೂ ತನ್ನ ಆಚಾರಕ್ಕೆ ಒಬ್ಬರು ಮರ್ಯಾದೆ ಕೊಟ್ಟರಲ್ಲ ಎಂದು. ಆ ಸುಖವನ್ನು ನೆನೆದರೆ ಈಗ ಹಲ್ಲು ಚುಳ್ಳೆನ್ನುತ್ತದೆ.

ಅವರು ಚಿಕ್ಕ ಸ್ಟೂಲಿನ ಮೇಲೆ ಕೂತು ಮೊದಲ ಪೀಪಾಯಿಯನ್ನು ಮೊಣಕಾಲ ನಡುವೆ ಹಿಡಿದರು. ಮುಚ್ಚಳ ತೆಗೆದರು. ಪಾನಾ ಹಾಕಿ ಗ್ಯಾಸು ಒಳಗೆ ಹೋಗುವ ವಾಲ್ವ್, ಬಿಯರು ಹೊರಗೆ ಬರುವ ವಾಲ್ವ್ ಎರಡನ್ನೂ ಬಿಚ್ಚಿದರು. ತಳದವರೆಗೂ ಇಳಿದಿದ್ದ ಉದ್ದನೆಯ ಕೊಳವೆಯನ್ನು ಎಳೆದು ತೆಗೆದು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು ಅದರೊಳಗಿಂದ ನೋಡಿದರು. ರಬ್ಬರಿನ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ ಬಿಳಿ ತಟ್ಟೆಯಲ್ಲಿ ಇಟ್ಟರು. ಬಿಸಿನೀರಿಗೆ ಕ್ಷಾರದ ಪುಡಿ, ಅದರಲ್ಲಿ ಇಪ್ಪತ್ತು ನಿಮಿಷ. ಉದ್ದ ಕಡ್ಡಿಯ ಬ್ರಷ್ಷು ಕೊಳವೆಯ ಒಳಗೆ ಹೋಗಿ ಬರುವುದು ಹತ್ತು ಸಲ. ಅವರು ಎಣಿಸುತ್ತಿದ್ದರು. ಬಾಯಿಯಲ್ಲಿ ಅಲ್ಲ, ಭುಜದಲ್ಲಿ. ಕೊಳೆ ಇರುವುದು ಕಾಣುವ ಕಡೆ ಅಲ್ಲ, ಒಂದಕ್ಕೊಂದು ಕೂಡುವ ಕಡೆ, ಎಂದು ಅವನಿಗೆ ಫೆಬ್ರವರಿಯಲ್ಲಿ ಹೇಳಿಕೊಟ್ಟಿದ್ದವರು ಇವರೇ. ಅವತ್ತು ಇದೇ ಹಿತ್ತಿಲು, ಇದೇ ಐದು. ಚಳಿ ಇತ್ತು, ಬೇಲಿಯಾಚೆ ಉಮೆ ಗಿಡ ಎಲೆಯಿಲ್ಲದೆ ಹೂ ಬಿಟ್ಟಿತ್ತು. ಮೂವತ್ತು ವರ್ಷ ಹುದುಗಿನ ವಿದ್ಯೆ ಕಲಿಸಿದ ಸೆನ್ಸೇ ತಮ್ಮ ವಿದಾಯದ ಕೂಟಕ್ಕೆ ತಮ್ಮದೇ ಬಿಯರು ಕೊಡಬೇಕೆಂದು ಜನವರಿಯಲ್ಲೇ ಹುದುಗು ಹಾಕಿದ್ದರು, ಅದನ್ನು ತುಂಬುವ ಪೀಪಾಯಿಗಳನ್ನು ತೊಳೆಯಲು ಅವತ್ತು ಇವರಿಬ್ಬರನ್ನೂ ಕರೆಸಿದ್ದರು. ಮನೆಯಲ್ಲಿ ಮಾಡುವುದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಮದ್ಯ ಇರಬಾರದೆಂದು ಕಾಯಿದೆ. ಅದನ್ನು ಅಳೆಯುವಾಗ ಮಾತ್ರ ಸೆನ್ಸೇ ಕನ್ನಡಕ ತೆಗೆದಿಡುತ್ತಾರೆ ಎಂದು ಹುಡುಗರು ನಗುತ್ತಿದ್ದರು. ಹರಿಹರ ಕುಡಿಯುವವನಲ್ಲ. ಆದರೂ ಸೆನ್ಸೇ ಅವನನ್ನು ಕರೆದು, ಐದರಲ್ಲಿ ಒಂದರಲ್ಲಿ ನಿಮಗೆ, ನಿಮ್ಮ ಮನೆಯವರಿಗೆ ಶುಂಠಿಯ ಪಾನಕ ಮಾಡುತ್ತೇನೆ, ಕೂಟದ ದಿನ ಬೆಳಿಗ್ಗೆಯೇ ಮಾಡಿ ತುಂಬುತ್ತೇನೆ, ಎಂದಿದ್ದರು.

ಆ ಪ್ರೀತಿಯಿಂದಲೇ ಎಲ್ಲ ಕೆಟ್ಟಿತು ಎಂದರೆ ಅದೂ ಒಂದು ಸುಳ್ಳು. ಅವತ್ತು ಓಕುಬೋ ಸಾನ್ ಐದನ್ನೂ ತೊಳೆದು, ಮತ್ತೆ ಜೋಡಿಸಿ, ಅಯೋಡಿನ್ನಿನ ಕಂದು ನೀರನ್ನು ಒಳಗೆಲ್ಲ ಆಡಿಸಿ, ಕೊಳವೆಯ ಮೂಲಕವೂ ಹರಿಸಿ, ಹಲಗೆಯ ಮೇಲೆ ಬೋರಲು ಹಾಕಿದ್ದರು. ಮೂರು ಗಂಟೆಯ ಬಸ್ಸಿಗೆ ಹೋಗಬೇಕಿತ್ತು. ಹೊರಡುವಾಗ ಹೇಳಿದ್ದು ಒಂದೇ ಮಾತು: ಹಾಗೇ ಬಿಡಿ, ಹತ್ತು ನಿಮಿಷ ಸೋರಲಿ, ಮುಚ್ಚಳ ಹಾಕಿ ಒಳಗಿಡಿ. ಇನ್ನೇನೂ ಮಾಡಬೇಡಿ. ಅವನೇನು ತಿಳಿಯದವನೇ? ಆ ಔಷಧಿ ಹಾಕಿದ ಮೇಲೆ ನೀರು ತಾಗಿಸಬಾರದು, ತಾಗಿಸಿದರೆ ನೀರಿನಲ್ಲಿದ್ದದ್ದೆಲ್ಲ ಮತ್ತೆ ಒಳಗೆ ಹೋಗಿ ಕೂರುತ್ತದೆ ಎಂದು ಸೂಕ್ಷ್ಮಜೀವಿಗಳ ಮೇಲೆ ಡಾಕ್ಟರೇಟು ಮಾಡಿದವನಿಗೆ ಯಾರು ಹೇಳಿಕೊಡಬೇಕು? ಹತ್ತು ನಿಮಿಷ ಅವನು ನಿಂತಿದ್ದ. ಹಿತ್ತಿಲ ಮೂಲೆಯಲ್ಲಿ ಕೈಪಂಪು ಹಾಕಿದ ಹಳೆಯ ಬಾವಿ ಇತ್ತು. ನಲ್ಲಿಯದಲ್ಲ, ಬಾವಿಯ ನೀರು. ಈ ದೇಶಕ್ಕೆ ಬಂದ ಮೇಲೆ ಅವನು ಬಾವಿಯ ನೀರು ಕಂಡಿದ್ದೇ ಅವತ್ತು. ಔಷಧಿಯ ಆಸ್ಪತ್ರೆ ವಾಸನೆ ಹೋಗಲಿ ಎಂದು ಮನಸ್ಸು ಒಂದು ಕಾರಣ ಕೊಟ್ಟಿತು. ಕಾರಣ ಬರುವ ಹೊತ್ತಿಗೆ ಕೈ ಆಗಲೇ ಪಂಪು ಒತ್ತುತ್ತಿತ್ತು. ತನಗೆ ಬರುವ ಪೀಪಾಯಿ ಯಾವುದೆಂದು ಗೊತ್ತಿರಲಿಲ್ಲ. ಐದಕ್ಕೂ ಹಾಕಿದ. ಒಳಗೆ ಒಂದು ಚೆಂಬು, ಸುತ್ತ ಒಂದು ಚೆಂಬು. ಹಾಕುವಾಗ ತುಟಿ ಏನೋ ಅನ್ನುತ್ತಿತ್ತು. ಮನಸ್ಸು ಎಷ್ಟು ತಿಳಿಯಾಗಿತ್ತೆಂದರೆ, ಕಾಶಿವಾದ ಆ ಚಳಿಯ ಮಧ್ಯಾಹ್ನ ದೇವರು ಪಕ್ಕದಲ್ಲೇ ನಿಂತಿದ್ದಾನೆ ಅನ್ನಿಸಿತು.

ದಾವಣಗೆರೆಯ ಮನೆಯ ಹಿತ್ತಿಲ ಕಲ್ಲಿನ ಮೇಲೆ ಪಾತ್ರೆಗಳು ಬೋರಲಾಗಿ ಒಣಗುತ್ತಿದ್ದವು. ತಿಕ್ಕಿ ಬೆಳಗಿದವಳ ಹೆಸರು ಪದ್ಮಾ. ಮನೆಯಲ್ಲಿ ಮಕ್ಕಳಾದಿಯಾಗಿ ಎಲ್ಲರೂ ಪದ್ದಿ ಎನ್ನುತ್ತಿದ್ದರು. ಹುಣಿಸೆಹಣ್ಣು, ಬೂದಿ ಹಾಕಿ ಅವಳು ತಿಕ್ಕಿದ ತಾಮ್ರದಲ್ಲಿ ಮುಖ ಕಾಣುತ್ತಿತ್ತು. ಆಮೇಲೆ ಅಮ್ಮ ಮಡಿಯಲ್ಲಿ ಬಂದು, "ಹರೀ, ಇನ್ನೊಂದು ನೀರು ಹಾಕೋ," ಎನ್ನುತ್ತಿದ್ದಳು. ಬಾವಿಯಿಂದ ಸೇದಿದ ನೀರನ್ನು ಅವನು ಒಂದೊಂದರ ಮೇಲೂ ಹೊಯ್ಯಬೇಕು, ಆಮೇಲೆ ಅವು ಒಳಗೆ ಹೋಗಬೇಕು. ಅಷ್ಟು ಹೊತ್ತೂ ಪದ್ಮಾ ನೀರು ಸಿಡಿಯದಷ್ಟು ದೂರ ಸರಿದು, ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೋಡುತ್ತ ನಿಲ್ಲುತ್ತಿದ್ದಳು. ಒಂದೇ ಒಂದು ಸಲ ಕೇಳಿದ್ದಳು. "ನಾ ತೊಳ್ದಿದ್ರಾಗ ಏನರ ಉಳಿದೈತೇನ್ರವ್ವಾ?" ಅಮ್ಮ ಕೆಟ್ಟವಳಲ್ಲ. ನಗುತ್ತಲೇ ಹೇಳಿದ್ದಳು: "ನೀನು ಚೆನ್ನಾಗೇ ತೊಳೀತೀಯ ಕಣೇ. ಇದು ಬೇರೆ."

ಏನು ಬೇರೆ ಎಂದು ಪದ್ಮಾ ಕೇಳಲಿಲ್ಲ. ಅವನೂ ಕೇಳಲಿಲ್ಲ. ಪ್ರಯೋಗಾಲಯದಲ್ಲಿ ಮೂರು ವರ್ಷ ಓಕುಬೋ ಸಾನ್ ತೊಳೆದ ಸಾವಿರಾರು ಗಾಜಿನ ಸಾಮಾನಿಗೆ ಅವನು ಒಂದು ಹನಿ ನೀರು ಹಾಕಿದವನಲ್ಲ. ಅವೆಲ್ಲ ಆವಿಯ ಒಲೆಯಲ್ಲಿ ಕೂತು ಬರುತ್ತಿದ್ದವು, ಬೆಂಕಿ ಕಂಡದ್ದಕ್ಕೆ ದೋಷವಿಲ್ಲ. ತನ್ನಲ್ಲಿ ಆ ಇನ್ನೊಂದು ನೀರು ಇಲ್ಲವೆಂದೇ ತಿಳಿದಿದ್ದ. ಅದು ಇತ್ತು, ಬಾವಿಯೊಂದು ಸಿಗುವ ತನಕ ಕಾಯುತ್ತಿತ್ತು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ಮಡಿಯ ಹೆಂಗಸು ಇದ್ದಳಂತೆ. ಅಕ್ಕಿ ತೊಳೆದಳು, ಸೌದೆ ತೊಳೆದಳು, ಒಲೆಯ ಕಲ್ಲು ತೊಳೆದಳು. ಒಂದು ದಿನ ದೇವರ ಮುಂದಿನ ದೀಪದ ಕುಡಿಯನ್ನೂ ತೊಳೆದಳಂತೆ. ಆಮೇಲೆ ಏನಾಯ್ತಜ್ಜಿ ಎಂದರೆ, ಆಮೇಲೇನಪ್ಪ, ಕತ್ತಲೆ, ಎನ್ನುತ್ತಿದ್ದಳು, ಮಕ್ಕಳೆಲ್ಲ ನಗುತ್ತಿದ್ದರು.

ಮಾರ್ಚ್ ಹದಿನೆಂಟರ ಮಧ್ಯಾಹ್ನ ಈ ಹಿತ್ತಿಲಲ್ಲಿ ನಲವತ್ತು ಜನ ಗ್ಲಾಸು ಎತ್ತಿದರು. ಕಂಪಾಯ್ ಎಂದರು. ಒಂದು ಗುಟುಕು ಕುಡಿದರು. ಯಾರೂ ಉಗುಳಲಿಲ್ಲ, ಉಗುಳಿದ್ದರೆ ಚೆನ್ನಾಗಿತ್ತು. ಒಬ್ಬರು, ಬಲು ವಿಶೇಷವಾದ ರುಚಿ, ಎಂದರು. ಇನ್ನೊಬ್ಬರು ತಲೆದೂಗಿದರು. ಒಂದೊಂದೇ ಗ್ಲಾಸು ತುಂಬಿದ್ದು ತುಂಬಿದ ಹಾಗೆ ಮೇಜಿನ ಮೇಲೆ ಕೂತಿತು. ಸೆನ್ಸೇ ಎರಡನೆಯ ಪೀಪಾಯಿ ಬಗ್ಗಿಸಿದರು, ಮೂರನೆಯದು, ನಾಲ್ಕನೆಯದು. ಗ್ಲಾಸಿಗೆ ಬೆರಳು ಅದ್ದಿ ಎತ್ತಿದರೆ ಕೆಟ್ಟ ಮೊಸರಿನ ಹಾಗೆ ಎಳೆ ಬರುತ್ತಿತ್ತು. ಆಗ ಅಡುಗೆಮನೆಯ ಬಾಗಿಲಿಂದ ಓಕುಬೋ ಸಾನ್ ಹೊರಗೆ ಬಂದು, ಏಪ್ರನ್ ಬಿಚ್ಚಿ ಮಡಿಸಿ ಕೈಯಲ್ಲಿ ಹಿಡಿದು, ಸೊಂಟದಿಂದ ಬಾಗಿ, ತೊಳೆದದ್ದು ನಾನು, ಎಂದರು. ಬಾಗಿದವರು ಏಳಲಿಲ್ಲ. ಸೆನ್ಸೇ ಅವರನ್ನು ನೋಡದೆ ಹರಿಹರನ ಕಡೆ ತಿರುಗಿದರು. ಅವನ ಕೈಯಲ್ಲಿ ಐದನೆಯ ಪೀಪಾಯಿಯ ಶುಂಠಿ ಪಾನಕ ಇತ್ತು, ಆ ಬೆಳಿಗ್ಗೆ ತುಂಬಿದ್ದು, ಸಿಹಿಯಾಗಿ, ಖಾರವಾಗಿ, ಏನೂ ಆಗದೆ.

"ಹರಿಹರ ಸಾನ್, ಅವತ್ತು ಒಳಗೆ ತಂದಿಟ್ಟವರು ನೀವಲ್ಲವೇ. ಏನಾದರೂ ಕಂಡಿತ್ತೇ?"

"ಇಲ್ಲ ಸೆನ್ಸೇ. ನನಗೇನೂ ಕಾಣಲಿಲ್ಲ."

ತಮ್ಮ ಜಾಗಕ್ಕೆ ಬರುವವರಿಗೆ ಸೆನ್ಸೇ ಎರಡು ಹೆಸರು ಕೊಡುವುದೆಂದು ಮೊದಲೇ ಮಾತಾಗಿತ್ತು, ಇವರಿಬ್ಬರನ್ನು ಉಳಿಸಿಕೊಳ್ಳಿ ಎಂದು. ಮರುವಾರ ಕಳಿಸಿದ ಕಾಗದದಲ್ಲಿ ಒಂದೇ ಹೆಸರಿತ್ತು. ಪೀಪಾಯಿ ತೊಳೆಯಲಾಗದ ಕೈ ನಾಳೆ ನಮ್ಮ ಫ್ಲಾಸ್ಕು ತೊಳೆದರೆ ನಂಬುವುದು ಹೇಗೆ ಎಂದು ಹೊಸಬರು ಕೇಳಿದರೆಂದೂ, ಅದಕ್ಕೆ ಸೆನ್ಸೇ ಉತ್ತರ ಕೊಡಲಿಲ್ಲವೆಂದೂ ಕಚೇರಿಯ ಹುಡುಗಿ ಹೇಳಿದಳು.

ಕೂಟ ಮುಗಿದ ದಿನ ಸ್ಟೇಷನ್ನಿಗೆ ನಡೆಯುವಾಗ ಮಧುಕರ್ ಜೊತೆಗಿದ್ದ. ಬೆಂಗಳೂರಿನ ಕಂಪನಿಯವರು ಎರಡು ವರ್ಷ ಮಿನಾಟೋದ ಆಫೀಸಿಗೆ ವೈಟುಕೆ ಕೆಲಸಕ್ಕೆಂದು, ಎರಡು ಸಾವಿರದ ಇಸವಿ ಹುಟ್ಟಿದಾಗ ಕಂಪ್ಯೂಟರು ಕೆಡದಂತೆ ತಿದ್ದುವ ಕೆಲಸಕ್ಕೆಂದು, ಕಳಿಸಿದ್ದವನು, ಕಾಲೇಜಿನ ಗೆಳೆಯ. ಬಿಯರಿನ ಆಸೆಗೇ ಕಾಶಿವಾ ತನಕ ಬಂದಿದ್ದ.

"ನೀನು ಕುಡಿಯಲ್ಲ, ಬಚಾವಾದೆ ಗುರು. ಹಳಸಿದ ಮಜ್ಜಿಗೆಗೆ ಸೋಪ್ ಹಾಕಿದಂಗಿತ್ತು. ಆ ಆಂಟಿ ಸರಿಯಾಗಿ ತೊಳ್ದಿಲ್ಲ, ಅಷ್ಟೇ."

"ಇರಬಹುದು," ಎಂದ ಹರಿಹರ.

ಈ ಸಲ ಯಾರೂ ಅವನನ್ನು ಪ್ರಶ್ನೆ ಕೇಳಿರಲಿಲ್ಲ. ಸೆನ್ಸೇ ಎದುರು ಹೆದರಿ ಸುಳ್ಳಾಡಿದೆ ಎನ್ನಬಹುದು. ಈ ಒಂದು ಮಾತಿಗೆ ಹೆದರಿಕೆಯ ನೆಪವೂ ಇರಲಿಲ್ಲ. ಮಧುಕರ್ ತನ್ನ ಧಾಟಿಯಲ್ಲಿ ಹೇಳಿಕೊಂಡೇ ಹೋಗುತ್ತಿದ್ದ.

"ನಮ್ ಕಥೆ ನೋಡು. ಎರಡು ವರ್ಷ ಲಕ್ಷಗಟ್ಲೆ ಲೈನ್ ಕೋಡ್ ತೊಳ್ದಿದೀವಿ. ಜನವರಿ ಒಂದಕ್ಕೆ ಏನೂ ಆಗ್ಲಿಲ್ಲ. ಕ್ಲೈಂಟ್ ಕೇಳ್ತಾನೆ, ಏನೂ ಆಗ್ಲಿಲ್ವಲ್ಲ, ಹಾಗಾದ್ರೆ ನೀವು ಮಾಡಿದ್ದೇನು ಅಂತ. ಮುಂದಿನ ತಿಂಗಳು ಟಿಕೆಟ್ ಕೈಗೆ. ಸರಿಯಾಗಿ ತೊಳೆದ್ರೆ ತೊಳೆದೋರ್ ಯಾರು ಅಂತ ಯಾವನೂ ಕೇಳಲ್ಲ ಗುರು, ಕೆಟ್ರೆ ಮಾತ್ರ ಕೇಳ್ತಾರೆ."

ಹಿತ್ತಿಲಲ್ಲಿ ಈಗ ಐದನೆಯ ಪೀಪಾಯಿಯೂ ಕ್ಷಾರದ ನೀರಿನಿಂದ ಹೊರಗೆ ಬಂತು. ನಲ್ಲಿಯ ಕೆಳಗೆ ಹಿಡಿದು ಜಾಲಿಸಿ, ಓಕುಬೋ ಸಾನ್ ಅದನ್ನು ಉಳಿದವುಗಳ ಪಕ್ಕ ಹಲಗೆಯ ಮೇಲೆ ಬೋರಲು ಹಾಕಿದರು. ಸಾಲು ಒಂದು ಕೂದಲಿನಷ್ಟು ಸೊಟ್ಟಗಿತ್ತು. ಬೆರಳಲ್ಲಿ ತಳ್ಳಿ ನೇರ ಮಾಡಿದರು. ಕೈಗವಸು ತೆಗೆದಾಗ ಬೆರಳ ತುದಿಗಳು ನೀರಲ್ಲಿ ನೆಂದು ಸುಕ್ಕಾಗಿದ್ದವು, ಕೈಗವಸಿನೊಳಗೂ ನೀರು ಹೋಗಿತ್ತೇನೋ. ಇಷ್ಟು, ಎಂದರು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ ಎಂದರು. ಈಗಲ್ಲದಿದ್ದರೆ ಇನ್ನಿಲ್ಲ. ಹರಿಹರ ಚಪ್ಪಲಿ ಬಿಟ್ಟ, ಯಾಕೆ ಬಿಟ್ಟನೋ ತಿಳಿಯದು, ಒದ್ದೆ ನೆಲದ ಮೇಲೆ ನಿಂತ.

"ಓಕುಬೋ ಸಾನ್, ಸುಮಿಮಾಸೆನ್, ಕ್ಷಮಿಸಿ. ಅವತ್ತು ನೀವು ಹೋದ ಮೇಲೆ ನಾನು ಇವಕ್ಕೆ ಬಾವಿಯ ನೀರು ಹಾಕಿದೆ. ಐದಕ್ಕೂ. ಅದರಿಂದಲೇ ಕೆಟ್ಟಿದ್ದು."

ಗದ್ದೆಯಲ್ಲಿ ಯಾರೋ ಟರ್ನಿಪ್ಪನ್ನು ಕಿತ್ತು ಕಿತ್ತು ಮಣ್ಣು ಕೊಡವುತ್ತಿದ್ದರು. ಓಕುಬೋ ಸಾನ್ ಕೈಗವಸಿನ ನೀರನ್ನು ಚೆಲ್ಲಿ, ತಿರುಗಿಸಿ, ಹಗ್ಗಕ್ಕೆ ಸಿಕ್ಕಿಸಿದರು.

"ನನಗೆ ಗೊತ್ತಿತ್ತು," ಎಂದರು. "ಬಸ್ಸು ತಪ್ಪಿತು ಅವತ್ತು. ಮಫ್ಲರ್ ಮರೆತಿದ್ದೆ, ತೆಗೆದುಕೊಂಡು ಹೋಗೋಣವೆಂದು ಬಂದೆ. ಬೇಲಿಯ ಹತ್ತಿರ ನಿಂತು ನೋಡಿದೆ."

ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನೋಡಿದ್ದವರು ಕೂಗಿ ನಿಲ್ಲಿಸಬಾರದಿತ್ತೇ? ಕೂಟದ ದಿನ ಹೇಳಬಾರದಿತ್ತೇ? ಅದನ್ನೇ ಕೇಳಿದ, ಜಪಾನಿಯ ಮಾತು ಹಲ್ಲಿಗೆ ಸಿಕ್ಕಿಕೊಳ್ಳುತ್ತ. ಅವರು ಪೀಪಾಯಿಗಳ ಕಡೆ ಕೈ ತೋರಿಸಿದರು.

"ಒಂದು ಮಾತು ನಾನೇ ಕೇಳಬೇಕೆಂದಿದ್ದೆ. ನಾನು ತೊಳೆದದ್ದರಲ್ಲಿ ಏನಾದರೂ ಉಳಿದಿತ್ತೇ?"

"ಇಲ್ಲ, ಇಲ್ಲ. ನೀವು ಚೆನ್ನಾಗಿಯೇ ತೊಳೆದಿದ್ದಿರಿ." ಬಾಯಿ ನಿಲ್ಲಲಿಲ್ಲ. "ಇದು ಬೇರೆ."

ಅಮ್ಮನ ಮಾತು ಹೀಗೆ ಈ ಭಾಷೆಯಲ್ಲಿ, ಒಂದು ಅಕ್ಷರ ಹೆಚ್ಚುಕಡಿಮೆಯಿಲ್ಲದೆ, ತನ್ನ ಬಾಯಿಂದ ಬಿದ್ದದ್ದನ್ನು ಹರಿಹರ ಕೇಳಿಸಿಕೊಂಡ. ಓಕುಬೋ ಸಾನ್ ಮುಖ ಮಾತ್ರ ತಿಳಿಯಾಯಿತು. ಇಷ್ಟು ದಿನ ಭುಜದ ಮೇಲಿದ್ದದ್ದನ್ನು ಇಳಿಸಿದವರ ಹಾಗೆ ತಲೆಯಾಡಿಸಿದರು.

"ಹಾಗೆಂದೇ ತಿಳಿದಿದ್ದೆ. ನಿಮ್ಮ ದೇವರಿಗೆ ಮಾಡುವುದು, ಅಲ್ಲವೇ? ತುಟಿ ಅಲ್ಲಾಡುತ್ತಿತ್ತು ನಿಮ್ಮದು. ಎಷ್ಟು ಶಾಂತವಾಗಿತ್ತು ಮುಖ. ಪ್ರಾರ್ಥನೆಯ ನಡುವೆ ಕೂಗಬಾರದೆಂದು ಸುಮ್ಮನಾದೆ, ಮುಗಿದ ಮೇಲೆ ಆ ನೀರನ್ನು ಮತ್ತೆ ತೊಳೆದು ತೆಗೆಯಲು ಮನಸ್ಸು ಬರಲಿಲ್ಲ. ಆಮೇಲೆ, ಅಷ್ಟು ಜನರ ಎದುರು, ಅವರ ದೇವರ ನೀರಿನಿಂದ ಕೆಟ್ಟಿತು ಎಂದು ನಾನು ಹೇಗೆ ಹೇಳಲಿ? ಅದು ನಾನು ಆಡುವ ಮಾತಲ್ಲ."

ಈಗ ಹೇಳಬೇಕಾದ ಇನ್ನೊಂದು ಮಾತಿತ್ತು. ದೇವರಿಗಲ್ಲ, ಓಕುಬೋ ಸಾನ್. ನೀವು ಮುಟ್ಟಿದ್ದಕ್ಕೆ. ಅದಕ್ಕೆ ಬೇಕಾದ ಜಪಾನಿ ಪದಗಳೆಲ್ಲ ಅವನಿಗೆ ಗೊತ್ತಿದ್ದವು, ಸುಲಭದ ಪದಗಳು, ಅಮೂಲ್ಯನಿಗೂ ಬರುವಂಥವು. ಅವನು ಅವರ ಮುಖ ನೋಡಿದ. ಒಂಬತ್ತು ವರ್ಷದ ಕೆಲಸ ಕೊಟ್ಟು ಕೊಂಡುಕೊಂಡಿದ್ದರು ಅವರು ಆ ಪ್ರಾರ್ಥನೆಯನ್ನು.

"ಹಾಯ್," ಎಂದ. ಹೌದು, ಎಂದ.

ಅವರಿಗೆ ಸಂತೋಷವಾಯಿತು. ಇವತ್ತು ಔಷಧಿ ಹಾಕಿಲ್ಲ, ಬರೀ ಒಣಗಿಸಿ ಕಳಿಸುವುದು, ನೀರು ಬಿದ್ದರೂ ಏನೂ ಆಗುವುದಿಲ್ಲ, ಎಂದರು. ಹಾಗಿದ್ದರೆ ಹೋಗುವ ಮೊದಲು ಇನ್ನೊಮ್ಮೆ ಮಾಡುತ್ತೀರಾ, ಅವತ್ತು ದೂರದಿಂದ ನೋಡಿದ್ದೆ, ಎಂದು ಕೇಳಿದರು, ಕೇಳಿದ್ದಕ್ಕೆ ತಾವೇ ಸಂಕೋಚಪಟ್ಟು ಬಾಯಿಗೆ ಕೈ ಅಡ್ಡ ಹಿಡಿದರು. ಅವನು ಏನೆನ್ನುವ ಮೊದಲೇ ಮೂಲೆಯ ಬಾವಿಯ ಹತ್ತಿರ ಹೋಗಿ, ಸುಕ್ಕಾದ ಎರಡೂ ಕೈಯಲ್ಲಿ ಪಂಪಿನ ಹಿಡಿ ಹಿಡಿದು ಒತ್ತತೊಡಗಿದರು. ಮೊದಲು ಬರೀ ಗಾಳಿ ನರಳಿತು. ಆಮೇಲೆ ನೀರು ಬಂತು. ಬಕೆಟ್ಟು ತುಂಬಿತು. ಹರಿಹರ ಬಗ್ಗಿ ಚೆಂಬಿನಂತಿದ್ದ ಪ್ಲಾಸ್ಟಿಕ್ ಮಗ್ಗನ್ನು ಅದ್ದಿದ. ಕೈಗೆ ಕೆಲಸ ಗೊತ್ತಿತ್ತು. ಮೊದಲನೆಯದರ ಮೇಲೆ ಹೊಯ್ದ, ಎರಡನೆಯದರ ಮೇಲೆ ಹೊಯ್ದ. ತುಟಿ ಅಲ್ಲಾಡಬೇಕಿತ್ತು, ಅವರು ನೋಡುತ್ತಿದ್ದರು, ಅಲ್ಲಾಡಿಸಿದ. ಓಕುಬೋ ಸಾನ್ ಅಂಗೈ ಜೋಡಿಸಿಕೊಂಡರು. ಮತ್ತೆ, ಪ್ರಾರ್ಥನೆಗೆ ತಮ್ಮಿಂದ ಅಡ್ಡಿಯಾಗದಿರಲೆಂದು, ಯಾರೂ ಹೇಳದೆಯೇ, ನೀರು ಸಿಡಿಯದಷ್ಟು ದೂರ ಹಿಂದಕ್ಕೆ ಸರಿದು ನಿಂತರು.